ಕರದ್ರ ಕೇಳಸಬೇಕು

ಹೋದ ವರ್ಷ ಶ್ರಾವಣದಾಗ ನಮ್ಮತ್ತಿಯವರು ಬಚ್ಚಲಮನ್ಯಾಗ ಜಾರಿ ಬಿದ್ರು. ದೇವರ ದಯಾ, ಎಲುಬು ಮುರೀಲಿಲ್ಲ. ಬಲಗೈ ಮಣಿಕಟ್ಟು ಬಾತುಕೊಂಡಿತ್ತು, ಅಷ್ಟ. ಆದ್ರ ಬಿದ್ದ ಮ್ಯಾಲೆ ಇಪ್ಪತ್ತು ಮಿನಿಟು ಅವರು ಅಲ್ಲೇ ಕೂತಿದ್ರು. ನಾ ಇದ್ದದ್ದು ಬಾಜೂ ಖೋಲ್ಯಾಗ, ಹತ್ತು ಹೆಜ್ಜಿ ದೂರ. ಎರಡೂ ಕಿವಿ ಮುಚ್ಚೂ ಹೆಡ್‌ಫೋನ್ ಹಾಕ್ಕೊಂಡು ಆಫೀಸಿನ ಮೀಟಿಂಗಿನೊಳಗ ಮುಳುಗಿದ್ದೆ. ಮೀಟಿಂಗ್ ಮುಗಿಸಿ ಚಹಾಕ್ಕ ಅಂತ ಎದ್ದಾಗೇ ನೋಡಿದ್ದು. "ಏಳೆಂಟು ಸಲಾ ಕರದೆ, ಕಡೀಕೆ ತಂಬಿಗಿ ತೊಗೊಂಡು ಬಕೀಟ ಬಡದೆ," ಅಂದ್ರು. ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಅವತ್ತೇ ಆ ಹೆಡ್‌ಫೋನ್ ಕಪಾಟು ಸೇರಿತು. ಆದ್ರ ಕೆಲಸಾ ಬಿಡೂ ಹಂಗಿಲ್ಲ, ದಿನಾ ಐದಾರು ತಾಸು ಕಿವಿಗೆ ಏನರೆ ಬೇಕೇ ಬೇಕು. ಹಗುರ ಇರಬೇಕು, ಕಿವಿ ನೋಯಬಾರದು, ಚೀಲದಾಗ ಹಾಕ್ಕೊಂಡು ಹುಬ್ಬಳ್ಳಿಗೆ ಹೋಗೂವಾಗ ಒಯ್ಯಲಿಕ್ಕೆ ಬರಬೇಕು, ಮನ್ಯಾಗ ಯಾರರೆ ಕರದ್ರ ಕೇಳಸಬೇಕು. ಹೇಳಲಿಕ್ಕೆ ಸಣ್ಣ ಯಾದಿ. ಹುಡುಕಲಿಕ್ಕೆ ಹೋದ್ರ ಮಗಳಿಗೆ ವರ ನೋಡೂದಕ್ಕಿಂತ ಕಷ್ಟ! ರಬ್ಬರಿನ ತುದಿ ಇದ್ದು ಕಿವಿ ತೂತಿನೊಳಗ ಕೂಡೂವು ತಂದೆ. ಅರ್ಧ ತಾಸಿಗೆ ಕಿವಿ ಕಡೀಲಿಕ್ಕೆ ಹತ್ತಿತು. ಮ್ಯಾಲೆ ನಾ ಚೂಡಾ ತಿಂದ್ರ ತಲಿಯೊಳಗ ಹಿಟ್ಟಿನ ಗಿರಣಿ ನಡದಂಗ ಸಪ್ಪಳಾ. ಕಿವಿ ಪೂರಾ ಮುಚ್ಚೂವು ಚಷ್ಮಾದ ಕಡ್ಡಿ ಒತ್ತತಾವ, ಬೆಂಡವಾಲಿಯ ತಿರುಪು ಕಿವಿ ಹಿಂದ ಚುಚ್ಚತದ, ಬ್ಯಾಸಿಗ್ಯಾಗ ಬೆವರು ಬ್ಯಾರೆ. ಇವನ್ನ ಮಾಡಿದವರ ಮನ್ಯಾಗ ಹೆಣಮಕ್ಕಳೇ ಇದ್ದಿಲ್ಲೇನು ಅಂತ ಸಿಟ್ಟು ಬಂತು. ಅದೇ ಸಿಟ್ಟಿನ್ಯಾಗ ಇದರ ಮೂಲ ಹುಡುಕಿ ಓದಲಿಕ್ಕೆ ಕೂತೆ.

ಓದಿದ್ರ ನನ್ನ ಎಣಿಕಿನೇ ತಪ್ಪು. ಇಂಥಾದ್ದನ್ನ ದಿನವಿಡೀ ಹೊತ್ತು ದುಡದವರೊಳಗ ಮೊದಲಿನವರೇ ಹೆಣಮಕ್ಕಳು. ಟೆಲಿಫೋನ್ ಬಂದ ಹೊಸದಾಗ ಅಮೆರಿಕಾದ ಎಕ್ಸ್‌ಚೇಂಜಿನೊಳಗ ಹುಡುಗರನ್ನ ಇಟಗೊಂಡಿದ್ರು. ಆ ಹುಡುಗರ ಮಾತು ಒರಟು, ಗಿರಾಕಿಗಳ ಜೋಡಿ ಜಗಳಾ. 1878ರಾಗ ಬೋಸ್ಟನ್ನಿನೊಳಗ ಎಮ್ಮಾ ನಟ್ ಅನ್ನೂಕಿನ್ನ ಕೆಲಸಕ್ಕ ತೊಗೊಂಡ್ರು. ಮೊದಲನೇ ಹೆಣ್ಣು ಆಪರೇಟರ್ ಆಕಿನೇ. ಆಪರೇಟರ್ ಅಂದಮ್ಯಾಲೆ ಎರಡೂ ಕೈ ಖಾಲಿ ಇರಬೇಕು, ತಂತಿ ಚುಚ್ಚಲಿಕ್ಕೆ, ಕೀಳಲಿಕ್ಕೆ. ಹಿಂಗಾಗಿ 1880ರ ದಶಕದಾಗ ಎಝ್ರಾ ಗಿಲಿಲ್ಯಾಂಡ್ ಅನ್ನಾಂವ ಹೆಗಲ ಮ್ಯಾಲೆ ಕೂಡೂ ಒಂದು ಸಾಧನಾ ಮಾಡಿದ. ಒಂದೇ ಕಿವಿಗೆ ಕೇಳೂದು, ಭಾರ ಎಲ್ಲಾ ಹೆಗಲಿಗೆ. ಅವರು ಚುಚ್ಚತಿದ್ದ ಆ ಕಾಲು ಇಂಚಿನ ಪ್ಲಗ್ ಮಾತ್ರ ಇನ್ನೂ ಸತ್ತಿಲ್ಲ ನೋಡ್ರಿ. ಗಿಟಾರಿಗೆ, ರೆಕಾರ್ಡಿಂಗ್ ಸ್ಟುಡಿಯೋದ ಹೆಡ್‌ಫೋನಿಗೆ ಇವತ್ತಿಗೂ ಅದೇ. ನಮ್ಮ ಮೂರೂವರೆ ಮಿಲಿಮೀಟರಿನ ಸಣ್ಣ ಪ್ಲಗ್ ಅದರ ಮೊಮ್ಮಗಳು.

ನನಗ ಕಡಿಸಿದ ಆ ರಬ್ಬರ್ ತುದಿನೂ ಹೊಸದಲ್ಲ. 1891ರಾಗೇ ಫ್ರಾನ್ಸಿನ ಎರ್ನೆಸ್ಟ್ ಮರ್ಕಾಡಿಯೆ ಅನ್ನೂ ಇಂಜಿನಿಯರ್ ಕಿವಿಯೊಳಗ ಇಡೂ ಜೋಡಿ ಫೋನಿಗೆ ಪೇಟೆಂಟ್ ತೊಗೊಂಡಿದ್ದ. ಕಿವಿಗೆ ಒರಸಬಾರದು ಅಂತ ರಬ್ಬರಿನ ಟೊಪ್ಪಿಗಿ, ತೂಕ ಐವತ್ತು ಗ್ರಾಮಿನ ಆಸುಪಾಸು. ಕಿವಿ ಕಡಿಯೂದಕ್ಕ ನೂರಾ ಮೂವತ್ತು ವರ್ಷದ ಪರಂಪರಾ ಅದ ಅಂತ ತಿಳದು ಒಂದೀಟು ಸಮಾಧಾನ ಆತು.

ತಲಿ ಮ್ಯಾಲೆ ಪಟ್ಟಿ, ಎರಡೂ ಕಿವಿಗೆ ಒಂದೊಂದು, ಈಗಿನ ರೂಪಕ್ಕ ಹತ್ತಿರದ್ದು ಬಂದದ್ದು ಒಂದು ಅಡಗಿಮನಿಯಿಂದ. ನನಗ ಭಾಳ ಸೇರಿದ ಕಥಿ ಇದೇ. ಅಮೆರಿಕಾದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್. ದೊಡ್ಡ ಪ್ರಾರ್ಥನಾ ಮಂದಿರದಾಗ ಪ್ರವಚನ ಸರಿಯಾಗಿ ಕೇಳೂದಿಲ್ಲ ಅಂತ ಧ್ವನಿ ದೊಡ್ಡದು ಮಾಡೂ ಖಟಪಟಿ ಶುರು ಮಾಡಿದನಂತ. 1910ರಾಗ ತಾ ಮಾಡಿದ ಹೆಡ್‌ಫೋನನ್ನ ಅಮೆರಿಕಾದ ನೌಕಾದಳಕ್ಕ ಕಳಿಸಿದ. ಅವರು ಪರೀಕ್ಷಾ ಮಾಡಿ ನೋಡಿದ್ರ ತಮ್ಮ ಹತ್ತಿರ ಇದ್ದವಕ್ಕಿಂತ ಎಷ್ಟೋ ಛಲೋ! ಇನ್ನಷ್ಟು ಕಳಸ್ರಿ ಅಂದ್ರು. ಒಂದು ಸಲಕ್ಕ ಹತ್ತು ಮಾತ್ರ ಆಗತಾವ, ಯಾಕಂದ್ರ ನಾ ಮಾಡೂದು ಅಡಗಿಮನ್ಯಾಗ ಅಂತ ಈತನ ಉತ್ತರ. ಆ ಮನಿಯಾಕಿ ಒಲಿ ಮುಂದಿಂದ ಯಾವಾಗ ಏಳತಾಳ ಅಂತ ನೌಕಾದಳ ಕಾಯಬೇಕಾತು. ಚರ್ಮಾ ಸುತ್ತಿದ ಎರಡು ತಂತಿ, ಮ್ಯಾಲೆ ಕೆಳಗ ಸರಸಲಿಕ್ಕೆ ಬರೂ ಹಂಗ, ಇಷ್ಟೇ ಅವನ ತಲಿಪಟ್ಟಿ. ಪೇಟೆಂಟ್ ಮಾಡಸಪಾ ಅಂದ್ರ, ಅಂಥಾ ದೊಡ್ಡದೇನಲ್ಲ ಅಂದನಂತ. ದೊಡ್ಡ ಯುದ್ಧದ ಕಾಲಕ್ಕ ಅವನ ಕಾರಖಾನಿ ಜೋರು ನಡೀತು, 1920ರ ದಶಕದಾಗ ದಿವಾಳಿನೂ ಎದ್ದ. ಸಣ್ಣದು ಅಂತ ಅಂವ ಬಿಟ್ಟ ಆ ಸರಿಯೂ ಪಟ್ಟಿ ಇವತ್ತು ನನ್ನ ತುರುಬಿನ ಮುಂದ ಕೂಡತದ.

ಅದಾದ ಮ್ಯಾಲೆ ರೇಡಿಯೋ ಬಂತು. ಮೊದಲಿನ ಕ್ರಿಸ್ಟಲ್ ಸೆಟ್ಟಿಗೆ ಸ್ಪೀಕರ್ ಇಲ್ಲ, ಹೆಡ್‌ಫೋನಿನ್ಯಾಗೇ ಕೇಳಬೇಕು. ಮನ್ಯಾಗ ಆರು ಮಂದಿ, ಹೆಡ್‌ಫೋನ್ ಒಂದು. ಅಲ್ಲಿಯವರು ಏನ ಮಾಡತಿದ್ರು ಅಂದ್ರ, ಅದನ್ನ ಒಂದು ಬೋಗುಣ್ಯಾಗ ಇಟ್ಟು ಸುತ್ತ ಕೂಡತಿದ್ರು. ಪಾತ್ರಿ ಧ್ವನಿ ದೊಡ್ಡದು ಮಾಡತಿತ್ತು. ನಮ್ಮ ಮಾವ ಈಗಲೂ ಮುಂಜಾನೆ ಭಜನಿ ಕೇಳೂವಾಗ ಮೊಬೈಲನ್ನ ಸ್ಟೀಲಿನ ಡಬರ್ಯಾಗ ಇಡತಾನ. ಅವಂಗ ಆ ಇತಿಹಾಸ ಹೇಳಿದೆ, "ಹಂಗಂದ್ರ ನಾ ಇಂಜಿನಿಯರ್ ಅನ್ನು," ಅಂದ.

ಇಷ್ಟು ದಿನಾ ಇದು ಕೆಲಸದ ಸಾಮಾನು. ಒಬ್ಬರೇ ಕೂತು ಹಾಡು ಕೇಳಿ ಖುಷಿ ಪಡೂ ರೂಢಿಗೆ ಮಾರ್ಗ ಆದದ್ದು 1958ರಾಗ, ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನ್ ತಂದಾಗ. ಅದರ ಧ್ವನಿ ಛಲೋ, ಮೈ ದಪ್ಪ. 1968ರಾಗ ಜರ್ಮನಿಯ ಸೆನ್‌ಹೈಸರ್ ಕಂಪನಿಯವರು ಎಚ್‌ಡಿ 414 ಅಂತ ಒಂದು ತಂದ್ರು, ನನ್ನ ಹುಡುಕಾಟಕ್ಕ ಉತ್ತರ ಇದ್ದದ್ದು ಅಲ್ಲೆ. ಅಲ್ಲೀತನಾ ಕಿವೀನ್ನ ಬಿಗಿಯಾಗಿ ಮುಚ್ಚಿದ್ರೇ ಧ್ವನಿ ಅಂತ ನಂಬಿಕಿ. ಇವರು ಹಿಂದಿನ ಬಾಜೂ ತೆರದು ಬಿಟ್ರು, ಕಿವಿ ಕಡೆ ಹಳದಿ ಸ್ಪಂಜು ಹಚ್ಚಿದ್ರು. ಗಾಳಿ ಆಡತದ, ಒತ್ತಿ ಹಿಡಿಯೂ ಕಾರಣ ಇಲ್ಲ, ತೂಕ ಇಳೀತು. ಮತ್ತ ಹೊರಗಿನ ಮಾತು ಒಳಗ ಬರತದ. ಹಾಂ, ಒಳಗಿನದೂ ಹೊರಗ ಹೋಗತದ, ಅದನ್ನ ಮುಂದ ಹೇಳತೀನಿ.

ಈ ಹಗುರತನಾ ಕಿಸೆಗೆ ಬಂದದ್ದು 1979ರ ಜುಲೈದಾಗ, ಸೋನಿಯವರ ವಾಕ್‌ಮನ್ ಜೋಡಿ. ಆಗಿನ ಹೆಡ್‌ಫೋನ್ ಮುನ್ನೂರು ನಾಲ್ಕನೂರು ಗ್ರಾಂ ಇದ್ವು. ಇದರ ಜೋಡಿ ಬಂದದ್ದು ಐವತ್ತು ಗ್ರಾಮಿನೊಳಗ, ತೆಳ್ಳನ ಪಟ್ಟಿ, ಸ್ಪಂಜಿನ ಬಿಲ್ಲಿ. ಸೋನಿಯ ಅಕಿಯೊ ಮೊರಿಟಾ ಇದನ್ನ ಮನಿಗೆ ಒಯ್ದು ಹಾಕ್ಕೊಂಡು ಕೂತಾಗ ಅವರ ಹೆಂಡ್ತಿಗೆ ಬ್ಯಾಸರಾತು, ತನ್ನನ್ನ ಹೊರಗ ಇಟ್ಟಂಗ ಅನಿಸಿತು ಅಂತ ಅವರೇ ತಮ್ಮ ಪುಸ್ತಕದಾಗ ಬರದಾರ. ಮನ್ಯಾಗ ಒಬ್ಬರೇ ಕೇಳೂದು ಅಸಭ್ಯ ಅನಿಸೀತು ಅಂತ ಮೊದಲಿನ ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ಚುಚ್ಚೂ ಜಾಗಾ ಇಟ್ರು. ಮ್ಯಾಲೆ ಒಂದು ಕಿತ್ತಳಿ ಬಣ್ಣದ ಗುಂಡಿ: ಅದನ್ನ ಒತ್ತಿದ್ರ ಹಾಡು ಸಣ್ಣಾಗಿ, ಸಣ್ಣ ಮೈಕಿನಿಂದ ಬಾಜೂದವರ ಮಾತು ಕೇಳಸತಿತ್ತು. ಕರದ್ರ ಕೇಳಸಬೇಕು ಅನ್ನೂ ವಿಚಾರ ನನಗಿಂತ ನಲವತ್ತು ವರ್ಷ ಮೊದಲೇ ಒಬ್ಬರ ಮನ್ಯಾಗ ಆಗಿತ್ತಲ್ಲ ಅಂತ ಓದಿ ಪುಸ್ತಕಾ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನ ಕೂತೆ. ಆದ್ರ ಮಂದಿ ಆ ಗುಂಡಿಗೆ ಸೊಪ್ಪು ಹಾಕಲಿಲ್ಲ. ನಂದು ನನಗ, ನಿಂದು ನಿನಗ ಅಂದ್ರು. ಮುಂದಿನ ಮಾಡೆಲ್ಲಿನ್ಯಾಗ ಗುಂಡಿ ಹೋತು.

ಉಲ್ಟಾ ದಿಕ್ಕಿನ ಕಥಿ ಅಮರ್ ಬೋಸ್ ಅವರದು. ತಂದಿ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು, ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕಾ ಸೇರಿದವರು. ಮಗ 1978ರಾಗ ಝೂರಿಕ್‌ದಿಂದ ಬೋಸ್ಟನ್‌ಗೆ ವಿಮಾನದಾಗ ಬರೂವಾಗ ಆ ಗುಂಯ್ ಅನ್ನೂ ಸಪ್ಪಳಕ್ಕ ಹಾಡು ಕೇಳದಾತು. ಅಲ್ಲೇ ಕೂತು ಲೆಕ್ಕಾ ಶುರು ಮಾಡಿದ್ರು: ಹೊರಗಿನ ಸಪ್ಪಳಾ ಮೈಕಿನಿಂದ ಹಿಡದು, ಅದರ ತದ್ವಿರುದ್ಧ ಅಲಿ ಕಿವಿಗೆ ಬಿಟ್ರ ಎರಡೂ ಒಂದನ್ನೊಂದು ನುಂಗತಾವ. 1989ರಾಗ ಪೈಲಟ್‌ಗಳಿಗೆ, 2000ದಾಗ ಉಳಿದ ಮಂದಿಗೆ ಅದು ಸಿಕ್ಕಿತು. ನಮ್ಮ ಮನ್ಯಾಗ ಕಪಾಟು ಸೇರಿದ್ದು ಇದೇ ಜಾತೀದು, ಕಂಪನಿ ಯಾವುದರೆ ಇರಲಿ.

ಒಂದು ಮಾತು ಮಾತ್ರ ಹೇಳಬೇಕು. ಈ ತಂತ್ರ ನುಂಗೂದು ವಿಮಾನ, ಫ್ಯಾನಿನಂಥಾ ಒಂದೇ ಸಮನ ಸಪ್ಪಳಾನ್ನ. ಮನಷ್ಯಾರ ಕೂಗು, ಬಕೀಟ ಬಡಿಯೂದು ಪೂರಾ ಹೋಗೂದಿಲ್ಲ. ಅವತ್ತು ಟಣ್ ಟಣ್ ಅಂದದ್ದು ನನ್ನ ಕಿವಿಗೆ ಬಂದಿತ್ತು. ಹಿಂದಿನ ಮನ್ಯಾಗ ಅರಿವಿ ಒಗಿಲಿಕ್ಕೆ ಹತ್ಯಾರ ಅಂದುಕೊಂಡೆ, ಧ್ವನಿ ಇನ್ನೂ ಎರಡು ಮೆಟ್ಟಲಾ ಏರಿಸಿದೆ. ಇದನ್ನ ಅತ್ತಿಯವರಿಗೆ ಹೇಳಿಲ್ಲ.

ಈಗ ತಂದದ್ದು ತಂತಿ ಇದ್ದದ್ದು, ಸ್ಪಂಜಿಂದು, ಬೆನ್ನು ತೆರದದ್ದು. ಅಡಗಿಮನಿ ತಕ್ಕಡ್ಯಾಗ ಇಟ್ಟೆ, ಅರವತ್ತು ಗ್ರಾಂ ತೋರಿಸಿತು. ಕಿವಿ ಮ್ಯಾಲೆ ಸುಮ್ಮನ ಕೂಡತದ, ಸ್ಪಂಜು ತೊಳದು ಒಣಗಿಸಲಿಕ್ಕೂ ಬರತದ. ಬೆಂಡವಾಲಿ ಮಾತ್ರ ಕೆಲಸದ ಹೊತ್ತಿಗೆ ತಗದು ಸಣ್ಣ ಹರಳಿನ ಓಲಿ ಹಾಕತೀನಿ. ಬೋಳು ಕಿವಿ ಅತ್ತಿಯವರಿಗೆ ಸೇರೂದಿಲ್ಲ. ಬಸ್ಸಿನ್ಯಾಗ ಇದು ಉಪಯೋಗಿಲ್ಲ, ಇಂಜಿನ್ ಸಪ್ಪಳಾನೇ ಗೆಲ್ಲತದ. ಅಲ್ಲಿ ಸುಮ್ಮನ ಕಿಟಕಿ ಹೊರಗ ನೋಡತೀನಿ. ಕುಕ್ಕರ್ ಸೀಟಿ ಕೇಳಸತದ, ಬಾಗಲಾ ಬಡದದ್ದು ಕೇಳಸತದ, "ಏ, ಬಾರ ಇಲ್ಲೆ" ಅನ್ನೂದೂ ಕೇಳಸತದ.

ಒಳಗಿಂದು ಹೊರಗ ಹೋಗತದ ಅಂದಿದ್ದೆನಲ್ಲ. ನಿನ್ನೆ ಬಾಜೂಕ ಕೂತು ಅವರಿಕಾಯಿ ಸುಲೀತಿದ್ದ ಅತ್ತಿಯವರು ಮೀಟಿಂಗ್ ಮುಗಿದ ಮ್ಯಾಲೆ ಕೇಳಿದ್ರು, "ನಿಮ್ಮ ಸಾಹೇಬ ಒಂದೇ ಮಾತು ಮೂರು ಸಲಾ ಯಾಕ ಹೇಳತಾನ? ಅವಂಗೂ ಕಿವಿ ಕೇಳಸೂದಿಲ್ಲೇನು?"