ಕೈಯಲ್ಲಿ ಹಿಡಿಯೋ ಗೇಮೋ, ಟೀವಿಗೆ ಹಾಕೋ ಗೇಮೋ?

ಚಿಕ್ಕಪ್ಪನ ಮಗನಿಗೆ ಮೊನ್ನೆ ಮೊದಲ ಸಂಬಳ ಬಂತು. "ಅಣ್ಣಾ, ಗೇಮ್ ಕನ್ಸೋಲ್ ತಗೋಬೇಕು. ಕೈಯಲ್ಲಿ ಹಿಡಿದು ಆಡೋದು ತಗೊಳ್ಲಾ, ಟೀವಿಗೆ ಹಾಕೋದಾ?" ಅಂತ ಫೋನ್ ಮಾಡಿದ. ಟೀವಿದೇ ಜಾಸ್ತಿ ಪವರ್‌ಫುಲ್ ಅಲ್ವಾ ಅನ್ನೋದು ಅವನ ವಾದ. ಹೌದು, ಪವರ್‌ಫುಲ್ಲೇ. ಆದರೆ ಇದೇ ಲೆಕ್ಕ ಹಾಕಿ ದೊಡ್ಡ ದೊಡ್ಡ ಕಂಪನಿಗಳೇ ಕೈ ಸುಟ್ಟುಕೊಂಡಿವೆ. ಅವನಿಗೆ ಫೋನಲ್ಲಿ ಹೇಳಿದ ಕತೆಯನ್ನೇ ಇಲ್ಲಿ ಬರೀತಿದೀನಿ.

ಗುನ್‌ಪೇ ಯೊಕೊಯ್ ಅಂತ ಒಬ್ಬ ಎಂಜಿನಿಯರ್, ಜಪಾನಿನ ಕ್ಯೋಟೋದವನು. 1965ರಲ್ಲಿ ಅವನು ನಿಂಟೆಂಡೊ ಸೇರಿದಾಗ ಅದು ಇಸ್ಪೀಟ್ ಎಲೆ ಮಾಡುವ ಕಂಪನಿ. ಇವನ ಕೆಲಸ ಆ ಮೆಷಿನ್‌ಗಳ ಮೇಂಟೆನೆನ್ಸ್. (ಡಿಗ್ರಿ ಮುಗಿಸಿ ಸಪೋರ್ಟ್ ಪ್ರಾಜೆಕ್ಟಿಗೆ ಬಿದ್ದ ನನ್ನಂಥವರಿಗೆ ಈತ ಇಷ್ಟವಾಗೋದು ಅದಕ್ಕೇ :-) ) ಬುಲೆಟ್ ಟ್ರೇನಿನಲ್ಲಿ ಒಬ್ಬಾತ ಬೇಜಾರು ಕಳೆಯೋಕೆ ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತಾ ಕೂತಿದ್ದು ನೋಡಿ ಇವನಿಗೆ 'ಗೇಮ್ ಅಂಡ್ ವಾಚ್' ಹೊಳೆಯಿತಂತೆ. 1980ರಲ್ಲಿ ಅದು ಬಂತು. ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಿಂದ ಅಷ್ಟರಲ್ಲಿ ಎಲ್‌ಸಿಡಿ ಪರದೆ ಅಗ್ಗವಾಗಿತ್ತು.

1982ರಲ್ಲಿ 'ಡಾಂಕಿ ಕಾಂಗ್' ಆಟವನ್ನು ಮಡಚುವ ಡಬ್ಬಿಗೆ ತುಂಬಬೇಕಾಯಿತು. ಉದ್ದನೆ ಕೋಲು ಇಟ್ಟರೆ ಡಬ್ಬಿ ಮುಚ್ಚೋದಿಲ್ಲ. ಆಗ ಯೊಕೊಯ್ ಮಾಡಿದ್ದು ಕೂಡಿಸುವ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿ. ಮರುವರ್ಷ ನಿಂಟೆಂಡೊದ ಟೀವಿ ಯಂತ್ರ ಫ್ಯಾಮಿಕಾಮ್‌ಗೂ ಅದೇ ಹೋಯಿತು. ದೊಡ್ಡಣ್ಣ ಚಿಕ್ಕವನ ಹತ್ತಿರ ಸಾಲ ಪಡೆದ ಹಾಗೆ!

ಆಮೇಲೆ 1989ರ ಗೇಮ್ ಬಾಯ್. 8 ಕಿಲೋಬೈಟ್ ರ್ಯಾಮ್, ಹಸಿರುಹಸಿರಾದ ಪರದೆಯಲ್ಲಿ ನಾಲ್ಕೇ ಛಾಯೆ, ಕತ್ತಲಲ್ಲಿ ಏನೂ ಕಾಣಿಸದು. ಅದೇ ವರ್ಷ ಅಟಾರಿಯ ಲಿಂಕ್ಸ್ ಬಂತು, 1990ರಲ್ಲಿ ಸೇಗಾದ ಗೇಮ್ ಗಿಯರ್. ಎರಡಕ್ಕೂ ಬಣ್ಣ, ಪರದೆಯ ಹಿಂದೆ ಬೆಳಕು. ಗೇಮ್ ಗಿಯರ್ ಅಂತೂ ಸೇಗಾದ ಟೀವಿ ಯಂತ್ರವನ್ನೇ ಕುಗ್ಗಿಸಿದಂತಿತ್ತು. ಆದರೆ ಆರು ಪೆನ್ಸಿಲ್ ಸೆಲ್ ತಿಂದು ಮೂರರಿಂದ ಐದು ಗಂಟೆಗೆ ಮಲಗಿಬಿಡುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹದಿನೈದು ಗಂಟೆ ಓಡುತ್ತಿತ್ತು. ಸೆಲ್ಲಿಗೆ ಅಪ್ಪನ ಹತ್ತಿರ ದುಡ್ಡು ಕೇಳಬೇಕಾದ ಹುಡುಗನಿಗೆ ಯಾವುದು ಪವರ್‌ಫುಲ್, ನೀವೇ ಹೇಳಿ. ಗೇಮ್ ಗಿಯರ್ ಒಂದು ಕೋಟಿ ಚಿಲ್ಲರೆ ಮಾರಿತು. ಗೇಮ್ ಬಾಯ್, ಅದರ ಬಣ್ಣದ ತಮ್ಮನೂ ಸೇರಿ, ಸುಮಾರು 11.87 ಕೋಟಿ.

ಹಳತಾಗಿ ಪಳಗಿದ, ಅಗ್ಗದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸಬೇಕು ಅನ್ನೋದು ಯೊಕೊಯ್ ಮಾತು. ಅಂಥವನೇ 1995ರಲ್ಲಿ ವರ್ಚುವಲ್ ಬಾಯ್ ಮಾಡಿದ. ಮೇಜಿನ ಮೇಲಿಟ್ಟು, ಬಗ್ಗಿ ಕಣ್ಣು ತೂರಿಸಿ, ಬರೀ ಕೆಂಪು ಗೆರೆ ನೋಡಬೇಕು. ಜೇಬಿಗೂ ಹಿಡಿಸದು, ಮನೆಮಂದಿ ಕೂತು ನೋಡೋಕೂ ಆಗದು. ಮಕಾಡೆ ಮಲಗಿತು. 1996ರಲ್ಲಿ ಅವನು ನಿಂಟೆಂಡೊ ಬಿಟ್ಟು ಸ್ವಂತ ಪುಟ್ಟ ಕಂಪನಿ ಮಾಡಿದ, 1997ರ ಅಕ್ಟೋಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನ ಕೈಯಾಡಿದ ವಂಡರ್‌ಸ್ವಾನ್ 1999ರಲ್ಲಿ ಬಂತು. ಅದಕ್ಕೆ ಬೇಕಿದ್ದು ಒಂದೇ ಒಂದು ಪೆನ್ಸಿಲ್ ಸೆಲ್. ಅದನ್ನು ಓದಿದಾಗ ಯಾಕೋ ಗಂಟಲು ಕಟ್ಟಿತು.

ನನ್ನ ಪಾಲಿನ ಗೇಮ್ ಬಾಯ್ ಅಂದರೆ ಜಾತ್ರೆಯಲ್ಲಿ ಕೊಂಡ ಇಟ್ಟಿಗೆ ಬೀಳಿಸೋ ಆಟ. ಮೇಲೆ '9999 ಆಟ' ಅಂತ ಬರೆದಿತ್ತು, ಒಳಗಿದ್ದದ್ದು ಹತ್ತೋ ಹನ್ನೆರಡೋ. ಟೀವಿಗೆ ಹಾಕೋ ಗೇಮೂ ಮನೇಲಿತ್ತು, ಆದರೆ ಸಂಜೆ ಏಳರಿಂದ ಹತ್ತರವರೆಗೆ ಟೀವಿ ಅಜ್ಜಿಯದ್ದು!

2017ರಲ್ಲಿ ನಿಂಟೆಂಡೊ ಸ್ವಿಚ್ ಬಂದ ಮೇಲೆ ಕೈಯದೂ ಟೀವಿಯದೂ ಒಂದೇ ಯಂತ್ರವಾಯಿತು ಅಂತೀರೇನೋ. ನಿಜ. ಆದರೂ ಟೀವಿಗಷ್ಟೇ ಅಂತ ಮಾಡಿದ ಯಂತ್ರದ ಚಿತ್ರ ಅದರಲ್ಲಿ ಬರಲ್ಲ, ತಮ್ಮನಿಗೆ ಕಣ್ಣಿರೋದು ಆ ಚಿತ್ರದ ಮೇಲೇ.

ಎಲ್ಲ ಕೇಳಿಸಿಕೊಂಡು ಅವನು "ಹಾಗಾದ್ರೆ ಯಾವುದಣ್ಣಾ?" ಅಂದ. ಅವನಿರೋದು ಪೀಜಿಯಲ್ಲಿ, ಒಂದು ರೂಮಿಗೆ ಮೂರು ಜನ.

"ಮೊದಲು ಟೀವಿ ಎಲ್ಲಿದೆ ಹೇಳು" ಅಂದೆ.