ಬಂದೂಕು ಕಾನೂನು: ಹಲಗಲಿಯಿಂದ ಇಂದಿನವರೆಗೆ

ಕಟ್ಟುನಿಟ್ಟಿನ ಬಂದೂಕು ಕಾನೂನು ಸಾಮೂಹಿಕ ಹತ್ಯೆಗಳನ್ನು ತಡೆಯಬಲ್ಲುದೇ ಎಂಬ ಚರ್ಚೆ ಅಮೆರಿಕದಲ್ಲಿ ಪ್ರತಿ ದುರಂತದ ನಂತರ ಮರುಕಳಿಸುತ್ತದೆ. ಬೆಳಗಾವಿ ಸೀಮೆಗೆ ಆಯುಧ ಕಾನೂನಿನ ಅನುಭವ ಇನ್ನೂ ಹಳೆಯದು.

ಹಿನ್ನೆಲೆ

1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಜಾರಿಗೆ ತಂದರು. ಗೋಕಾಕ ಸೀಮೆಯ ನೆರೆಯ ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಸೇನೆ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಆ ಕಾನೂನಿನ ಉದ್ದೇಶ ಆಳುವವರ ರಕ್ಷಣೆಯಾಗಿತ್ತು. 1878ರ ಕಾಯ್ದೆಯೂ ಅದೇ ಹಾದಿಯಲ್ಲಿ ಸಾಗಿತು.

ಇಂದಿನ ಕಾನೂನು

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಹೊಂದಲು ಪರವಾನಗಿ ಕಡ್ಡಾಯ. ದಡ್ಡಿಯ ರೈತನೊಬ್ಬ ಬೆಳೆ ರಕ್ಷಣೆಗೆ ಬಂದೂಕು ಬಯಸಿದರೆ ಬೆಳಗಾವಿಯ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸ್ ವರದಿಯ ನಂತರವೇ ನಿರ್ಧಾರ. 2019ರ ತಿದ್ದುಪಡಿಯಿಂದ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯಿದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಹೊರದೇಶಗಳ ಅನುಭವ

1996ರಲ್ಲಿ ಆಸ್ಟ್ರೇಲಿಯದ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಹತರಾದರು. ಸರ್ಕಾರ ಶೀಘ್ರವಾಗಿ ಗುಂಡು ಹಾರಿಸುವ ಬಂದೂಕುಗಳನ್ನು ನಿಷೇಧಿಸಿ, ಸುಮಾರು 6.5 ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಿತು. ಬಳಿಕ ಸಾಮೂಹಿಕ ಹತ್ಯೆಗಳು ವಿರಳವಾದವು. ಆದರೆ ಪೂರ್ತಿ ನಿಲ್ಲಲಿಲ್ಲವೆಂಬುದಕ್ಕೆ 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬೋಂಡಿ ಕಡಲತೀರದಲ್ಲಿ ನಡೆದ ದಾಳಿಯೇ ಸಾಕ್ಷಿ. ಅಮೆರಿಕದಲ್ಲಿ 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸೇರಿ 26 ಮಂದಿ ಬಲಿಯಾದರೂ ಖರೀದಿದಾರರ ಹಿನ್ನೆಲೆ ಪರಿಶೀಲನೆ ವಿಸ್ತರಿಸುವ ಪ್ರಸ್ತಾವ ಮರುವರ್ಷ ಸೆನೆಟ್‌ನಲ್ಲಿ ಬಿದ್ದುಹೋಯಿತು.

ಕಾನೂನಿನ ಮಿತಿ

ಕಾನೂನು ತಲುಪುವುದು ಪರವಾನಗಿ ಪುಸ್ತಕದಲ್ಲಿ ದಾಖಲಾದ ಬಂದೂಕಿಗೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದರು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ.ನ ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ತಿಳಿಸಿತು. ಎರಡು ವರ್ಷಗಳ ಅಂತರದಲ್ಲಿ ಆ ಆಯುಧ ಕಾನೂನಿನ ಕೈಗೆ ಸಿಗಲಿಲ್ಲ.

ಒಬ್ಬನೇ ವ್ಯಕ್ತಿ ಕ್ಷಣಾರ್ಧದಲ್ಲಿ ಹತ್ತಾರು ಜನರನ್ನು ಕೊಲ್ಲಬಲ್ಲ ಆಯುಧ ಸುಲಭವಾಗಿ ದೊರೆಯದಂತೆ ಮಾಡುವಲ್ಲಿ ಕಠಿಣ ಕಾನೂನು ನೆರವಾಗುತ್ತದೆ. ಆದರೆ ಅಕ್ರಮ ತಯಾರಿಕೆ ಮತ್ತು ಸಾಗಾಟಕ್ಕೆ ಕಡಿವಾಣ ಬೀಳದಿದ್ದರೆ ಅದರ ಫಲ ಅರ್ಧಕ್ಕೇ ನಿಲ್ಲುತ್ತದೆ.