ಬೆಲೆ, ಗೋಪುರ, ಕುಸಿತ: ‘ವರ್ಲ್ಡ್ ಆಫ್ ಗೂ’ ಆಟಗಾರರ ಅಭಿಪ್ರಾಯವನ್ನು ಓದುವ ಬಗೆ

ಪೇರಿಸುವ ಆಟಗಳ ಬಗ್ಗೆ ಆಟಗಾರರ ಅಭಿಪ್ರಾಯ ತಿಳಿಯಲು ನಾವು ಸಾಮಾನ್ಯವಾಗಿ ನೋಡುವುದು ಅವರು ಕೊಟ್ಟ ನಕ್ಷತ್ರಗಳನ್ನು. ‘ವರ್ಲ್ಡ್ ಆಫ್ ಗೂ’ ವಿಷಯದಲ್ಲಿ ಅದಕ್ಕಿಂತ ವಿರಳವಾದ ಒಂದು ದಾಖಲೆಯಿದೆ: ಆಟಗಾರರೇ ಕಟ್ಟಿದ ಬೆಲೆ.

ಕೈಲ್ ಗಾಬ್ಲರ್ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 2005ರಲ್ಲಿ ‘ಟವರ್ ಆಫ್ ಗೂ’ ಎಂಬ ಪುಟ್ಟ ಮಾದರಿ ಆಟವನ್ನು ಮಾಡಿದ್ದರು. ಅದನ್ನೇ ಬೆಳೆಸಿ, ರಾನ್ ಕಾರ್ಮೆಲ್ ಜೊತೆಗೂಡಿ 2008ರ ಅಕ್ಟೋಬರ್‌ನಲ್ಲಿ ‘ವರ್ಲ್ಡ್ ಆಫ್ ಗೂ’ ಹೊರತಂದರು. ಅಂಟಂಟಾದ ಉಂಡೆಗಳನ್ನು ಒಂದಕ್ಕೊಂದು ಜೋಡಿಸಿ ಗೋಪುರ ಅಥವಾ ಸೇತುವೆ ಕಟ್ಟಿ, ಉಳಿದ ಉಂಡೆಗಳನ್ನು ಕೊಳವೆಯ ಬಾಯಿಗೆ ತಲುಪಿಸುವುದು ಆಟ.

ಮೊದಲ ವರ್ಷ ತುಂಬಿದಾಗ, 20 ಡಾಲರಿನ ಈ ಆಟವನ್ನು ಕೊಳ್ಳುವವರು ಹೇಳಿದ ಬೆಲೆಗೆ ಮಾರಲಾಯಿತು. ಒಂದು ಸೆಂಟ್ ಕೊಟ್ಟರೂ ಸಾಕಿತ್ತು. ಮೊದಲ ವಾರದಲ್ಲಿ ಕೊಂಡವರು ಸುಮಾರು 57,000 ಮಂದಿ. ಸರಾಸರಿ ಬೆಲೆ ಎರಡು ಡಾಲರಿಗಿಂತ ತುಸು ಹೆಚ್ಚು. ಬಹಳ ಮಂದಿ ಆ ಒಂದು ಸೆಂಟನ್ನೇ ಕೊಟ್ಟರು. ಇದನ್ನು ಆಟದ ಮೇಲಿನ ತೀರ್ಪೆಂದು ಓದಿದರೆ ದಾರಿ ತಪ್ಪುತ್ತೇವೆ. ಇಷ್ಟೇ ಏಕೆ ಕೊಟ್ಟಿರೆಂದು ತಯಾರಕರು ವಿಚಾರಿಸಿದಾಗ, ಸದ್ಯಕ್ಕೆ ಕೈಯಲ್ಲಿರುವುದು ಇಷ್ಟೇ ಎಂದವರಿದ್ದರು. ಈ ಮಾರಾಟದ ಪದ್ಧತಿ ಹಿಡಿಸಿತು, ಅದಕ್ಕೆ ಬೆಂಬಲ ಎಂದವರಿದ್ದರು. ಆಗಲೇ ಆಟ ಕೊಂಡಿದ್ದವರೂ ಇದ್ದರು. ಬೆಲೆಯಲ್ಲಿ ಕಾಣುವುದು ಜೇಬಿನ ಸ್ಥಿತಿ, ತಯಾರಕರ ಮೇಲಿನ ಪ್ರೀತಿ, ಅಗ್ಗದ ಆಸೆ, ಎಲ್ಲವೂ ಬೆರೆತದ್ದು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನಂಬಬಹುದಾದ ಸಾಕ್ಷ್ಯ ಆಟದೊಳಗೇ ಇದೆ. ಪ್ರತಿ ಹಂತದಲ್ಲೂ ಬೇಕಾದಷ್ಟಕ್ಕಿಂತ ಹೆಚ್ಚಾಗಿ ಉಳಿಸಿದ ಉಂಡೆಗಳು ‘ವರ್ಲ್ಡ್ ಆಫ್ ಗೂ ಕಾರ್ಪೊರೇಶನ್’ ಎಂಬ ಬಯಲಿಗೆ ಸೇರುತ್ತವೆ. ಅಲ್ಲಿ ಗುರಿಯಿಲ್ಲ, ಮುಕ್ತಾಯವಿಲ್ಲ. ಎಷ್ಟು ಎತ್ತರ ಕಟ್ಟಬಲ್ಲಿರೋ ಕಟ್ಟಬಹುದು. ಬೇರೆ ಆಟಗಾರರು ಮುಟ್ಟಿದ ಎತ್ತರಗಳಲ್ಲಿ ಅವರ ಹೆಸರು ಹೊತ್ತ ಮೋಡಗಳು ತೇಲುತ್ತಿರುತ್ತವೆ. ಮುಗಿಸಿದ ಹಂತಕ್ಕೇ ಮರಳಿ, ಇನ್ನೆರಡು ಉಂಡೆ ಉಳಿಸಿ, ಈ ಗೋಪುರಕ್ಕೆ ಸೇರಿಸುವವನ ಮೆಚ್ಚುಗೆಯನ್ನು ನಾನು ಅನುಮಾನಿಸಲಾರೆ.

ಇಂಥ ಮೆಚ್ಚುಗೆಗೆ ಕಾರಣ ಕುಸಿತದ ನ್ಯಾಯ. ಹೊಸ ಉಂಡೆ ಸೇರಿದಂತೆ ಭಾರ ಕೂಡುತ್ತದೆ, ಗೋಪುರ ಓಲಾಡುತ್ತದೆ, ಬುಡ ಕಿರಿದಾಗಿದ್ದರೆ ಅದು ಬೀಳುವ ಮುನ್ನವೇ ಕಣ್ಣಿಗೆ ಕಾಣುತ್ತದೆ. ಕಣ್ಣೆದುರು ಹಾರಾಡುವ ಬಿಳಿ ಹುಳುವನ್ನು ಒತ್ತಿದರೆ ಹಿಂದಿನ ನಡೆ ರದ್ದಾಗುತ್ತದೆ. ಸೋತವನಿಗೆ ಆಟ ಮೋಸ ಮಾಡಿತೆನ್ನಲು ಆಸ್ಪದ ಕಡಿಮೆ. ಪೇರಿಸುವ ಆಟಗಳ ಸಮೀಕ್ಷೆ ಮಾಡುವವರು ಎಷ್ಟು ಅಂಕ ಕೊಡುತ್ತೀರೆಂದು ಕೇಳುವ ಮೊದಲು, ಕಟ್ಟಿದ್ದು ಬಿದ್ದಾಗ ಯಾರನ್ನು ದೂರಿದಿರೆಂದು ಕೇಳುವುದು ಒಳ್ಳೆಯದು.